ಕದ್ದ ತಪ್ಪು

ನಚಿಕೇತನಿಗೆ ಲಹರಿಯ ಮೇಲೆ ಹೊಟ್ಟೆಕಿಚ್ಚು ಇದ್ದದ್ದು ಒಂದೇ ಕಾರಣಕ್ಕೆ. ಅವಳು ಬರೆದದ್ದನ್ನು ಜನ ಓದುತ್ತಿದ್ದರು. ಇಬ್ಬರೂ ಶಂಶಾಬಾದ್ ವಿಮಾನ ನಿಲ್ದಾಣದ ಒಂದೇ ಗೋದಾಮಿನಲ್ಲಿ, ವಿಮಾನ ಹತ್ತುವ ಔಷಧಿಗಳನ್ನು ತಣ್ಣಗೆ ಇಡುವ ಕೆಲಸದಲ್ಲಿದ್ದರು. ಲಸಿಕೆಯ ಪೆಟ್ಟಿಗೆ ಜೋಡಿಸುವುದು ಹೇಗೆಂದು ಅವಳು ಲಿಂಕ್ಡ್‌ಇನ್‌ನಲ್ಲಿ ನಾಲ್ಕು ಸಾಲು ಬರೆದರೆ ಕೊಂಡಾಪುರದ ದೊಡ್ಡ ಕಂಪನಿಗಳಿಂದ ಕೆಲಸದ ಕರೆ ಬರುತ್ತಿತ್ತು. ಇವನು ಅದನ್ನೇ ನಲವತ್ತು ಸಾಲು ಬರೆದರೆ ಸೋದರಮಾವ ಹೆಬ್ಬೆರಳು ಎತ್ತುತ್ತಿದ್ದರು. ಆಫೀಸಿನಲ್ಲೂ ಆನ್‌ಲೈನಿನಲ್ಲೂ ಅವನು ಎನ್. ಎಚ್. ರಾವ್. ದೊಡ್ಡ ಹುದ್ದೆಗೆ ಇನಿಷಿಯಲ್ಲೇ ಶೋಭೆ ಎಂದು ಅವನ ನಂಬಿಕೆ. ನಚಿಕೇತ ಎನ್ನುವುದು ಮಿಯಾಪುರದ ಮನೆಯೊಳಗೆ ಮಾತ್ರ.

ಮನೆಯಲ್ಲೂ ಲಹರಿಯ ಮೇಲೆ ಒಂದು ದೂರಿತ್ತು. "ಹೋದ ವರ್ಷ ಪಂಚಮಿಗೆ ಉಂಡಿ ಕಳಿಸಿದ್ದೆ. ಉಂಡಿ ತಿಂದ್ಲು, ನಿನ್ನ ಮುಂಜಿ ಡಬ್ಬೀನೂ ನುಂಗಿದ್ಲು ನೋಡು!" ಎಂದು ತಾಯಿ ಸಾವಿತ್ರಿಬಾಯಿ ಆಗಾಗ ಗೊಣಗುತ್ತಿದ್ದರು. ತನ್ನ ಭವಿಷ್ಯದ ಮುಂದೆ ತಾಯಿಯ ಪಾತ್ರೆ ಪಡಗದ ದುಃಖ ಅವನಿಗೆ ತೀರಾ ಚಿಲ್ಲರೆ ಎನಿಸುತ್ತಿತ್ತು.

ಗೆದ್ದವರ ಬರಹಗಳನ್ನು ಅವನು ಕೂತು ಅಭ್ಯಾಸ ಮಾಡಿದ. ಜನಕ್ಕೆ ಜಾಣತನ ಬೇಕಿರಲಿಲ್ಲ, ಪಶ್ಚಾತ್ತಾಪ ಬೇಕಿತ್ತು. ದೊಡ್ಡವರೆಲ್ಲ ಒಂದು ತಪ್ಪು ಮಾಡಿ, ಅತ್ತು, ಪಾಠ ಕಲಿತಿದ್ದರು. ದುರದೃಷ್ಟವಶಾತ್ ನಚಿಕೇತ ತಪ್ಪು ಮಾಡುವಷ್ಟು ಕೆಲಸವನ್ನೇ ಮಾಡಿರಲಿಲ್ಲ.

ಆ ಕೊರತೆಯನ್ನು ಲಹರಿಯೇ ತುಂಬಿದಳು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ನಮ್ಮ ಕಡೆಯವನು ಎಂಬ ಸಲಿಗೆಯಿಂದ ದನಿ ತಗ್ಗಿಸಿದಳು.

"ರಾವ್ ಸರ್, ಹೋದ ವರ್ಷ ಇನ್ಸುಲಿನ್ ಕೆಟ್ಟಿತ್ತಲ್ರಿ, ಅದು ಕರೆಂಟ್ ಹೋಗಿದ್ದಕ್ಕಲ್ಲ. ಕೋಲ್ಡ್ ರೂಮಿನ ಬಾಗಲಾ ಮುಚ್ಚಬಾರದಂತ ನಾನೇ ಅಡ್ಡ ಒಂದು..." ತಟ್ಟೆ ನೋಡುತ್ತ ತಡೆದಳು. "ಒಂದು ಡಬ್ಬಿ ಇಟ್ಟಿದ್ದೆ. ಫೋನ್ ಬಂತು, ಮರತು ಹೋದೆ. ಮರುದಿನ ನೋಡಿದ್ರ ಡಬ್ಬೀನೂ ಇರಲಿಲ್ಲ. ಯಾರಿಗೂ ಹೇಳಬ್ಯಾಡ್ರಿ. ಗೊತ್ತಾದ್ರ ಕೆಲಸ ಹೋಗತೈತಿ, ಕೇಸೂ ಆಗತೈತಿ. ಭಾಳ ಅಂಜಿಕಿ ಬರತೈತ್ರಿ."

"ಛೇ, ನಾನ್ಯಾಕ ಹೇಳ್ಲಿ?" ಎಂದ ನಚಿಕೇತ. ಹೇಳುವ ಉದ್ದೇಶ ಅವನಿಗೆ ನಿಜವಾಗಿಯೂ ಇರಲಿಲ್ಲ. ಬರೆಯುವ ಉದ್ದೇಶವಿತ್ತು.

ಯೋಜನೆಯಲ್ಲಿ ಎಲ್ಲೂ ಬಿರುಕಿರಲಿಲ್ಲ. ಬೇರೆ ಏನನ್ನು ಕದ್ದರೂ ಒಡೆಯರು ಬಂದು ನನ್ನದು ಎನ್ನುತ್ತಾರೆ. ತಪ್ಪನ್ನು ಕದ್ದರೆ ಯಾರು ಬರುತ್ತಾರೆ? ನನ್ನದು ಎಂದರೆ ಲಹರಿಯ ಕೆಲಸವೇ ಹೋಗುತ್ತದೆ. ಇನ್ನು ವಿಚಾರಣೆ ಮುಗಿದು, ಕರೆಂಟೇ ಅಪರಾಧಿ ಎಂದು ಕಂಪನಿ ಎಂದೋ ತೀರ್ಮಾನಿಸಿತ್ತು. ಆದರೂ ಅವನು ಎಚ್ಚರ ಬಿಡಲಿಲ್ಲ. ಕಂಪನಿಯ ಹೆಸರು ತೆಗೆದ, ತಿಂಗಳು ತೆಗೆದ, ಇನ್ಸುಲಿನ್ನನ್ನು ಜೀವರಕ್ಷಕ ಔಷಧಿ ಮಾಡಿದ. ಡಬ್ಬಿಯನ್ನು ಮಾತ್ರ ಉಳಿಸಿಕೊಂಡ. ಓದುವವರ ಕಣ್ಣು ತೇವವಾಗಲು ಒಂದು ಸಾಮಾನು ಬೇಕೇ ಬೇಕು. 'ಊಟದ ಡಬ್ಬಿಯನ್ನು ನಾನೇ ಬಾಗಿಲಿಗೆ ಅಡ್ಡ ಇಟ್ಟೆ' ಎಂದು ಬರೆದು, ಎರಡು ಸಲ ಓದಿ, ತಾನೂ ಸ್ವಲ್ಪ ಗದ್ಗದಿತನಾದ.

ಬರಹ ಕಾಳ್ಗಿಚ್ಚಿನಂತೆ ಹಬ್ಬಿತು. ಗುರುತಿಲ್ಲದವರು ಅವನ ಪ್ರಾಮಾಣಿಕತೆಗೆ ಕೈಮುಗಿದರು. ಲಹರಿ ಜಗಳ ಮಾಡುತ್ತಾಳೆಂದು ಎರಡು ದಿನ ಕಾದ. ಅವಳು ಮಾತೇ ಎತ್ತಲಿಲ್ಲ, ಹೆಬ್ಬೆರಳು ಎತ್ತಿದಳು. ಮೂರನೆಯ ದಿನ ಕೊಂಡಾಪುರದಿಂದ ಸಂದೇಶ ಬಂತು: 'ನಿಮ್ಮ ಅನುಭವ ಓದಿದೆವು. ಮುಖತಃ ಮಾತಾಡಬೇಕು.' ನಚಿಕೇತ ಹೊಸ ಶರ್ಟಿಗೆ ಇಸ್ತ್ರಿ ಹಾಕಿಸಿದ. ತಾಯಿ ಮೊಸರು ಸಕ್ಕರೆ ಕೊಟ್ಟು ಕಳಿಸಿದರು.

ಎದುರಿಗೆ ಕೂತವರು ಜನಾರ್ದನ, ಬೀದರ ಕಡೆಯವರು. ಕನ್ನಡ ಕೇಳಿ ಅವನಿಗೆ ಅರ್ಧ ಕೆಲಸ ಸಿಕ್ಕಷ್ಟು ಹಿಗ್ಗಾಯಿತು.

"ನಾವು ವಿಮಾ ಕಂಪನಿಯವ್ರಿ," ಎಂದರು ಜನಾರ್ದನ. "ಆ ಇನ್ಸುಲಿನ್ನಿಗೆ ರೊಕ್ಕ ಕಟ್ಟಿಕೊಟ್ಟವರು. ನಿಮ್ಮ ಕಂಪನಿ ಕರೆಂಟ್ ಅಂತು. ನಮಗ ಅಲ್ಲಿಯ ಲೋಡಿಂಗ್ ಮಂದಿ ಕಡೆಯಿಂದ ಬಾಗಲಿಗೆ ಅಡ್ಡ ಇದ್ದ ಡಬ್ಬಿ ಸಿಕ್ಕಿತ್ತು. ಇಟ್ಟವರು ಸಿಕ್ಕಿರಲಿಲ್ಲ."

ನಚಿಕೇತನಿಗೆ ಬಹಳ ಹೆದರಿಕೆಯಾಯಿತು. ಆದರೂ ದಾರಿಯೊಂದು ಉಳಿದಿತ್ತು, ಸತ್ಯ. "ಸರ್, ಆ ತಪ್ಪು ನಂದಲ್ರಿ. ಬ್ಯಾರೆಯವರ ಕಥಿ ಕದ್ದು ಬರದೀನಿ. ಆ ಡಬ್ಬಿ ನಾ ಕಣ್ಣಿಲೆ ಸೈತ ನೋಡಿಲ್ಲ, ದೇವರಾಣೆ."

ಜನಾರ್ದನ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ಮೇಜಿನ ಮೇಲೆ ಬೋರಲು ಇಟ್ಟರು. ತಳದಲ್ಲಿ, ಪಾತ್ರೆ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಕೊರೆದ ಕನ್ನಡ ಅಕ್ಷರಗಳಿದ್ದವು: 'ಚಿ. ನಚಿಕೇತನ ಮುಂಜಿಯ ನೆನಪಿಗೆ.' ಕನ್ನಡಕ ಏರಿಸಿಕೊಂಡು ಅದನ್ನು ನಿಧಾನವಾಗಿ ಓದಿದ ಜನಾರ್ದನ, ತಲೆಯೆತ್ತಿ ಮರ್ಯಾದೆಯಿಂದ ಕೇಳಿದರು: "ಅದಿರ್ಲಿ ರಾವ್ ಅವರ, ನಿಮ್ಮ ಹೆಸರಿನಾಗ ಎನ್ ಅಂದ್ರ ಏನ್ರಿ?"