ನಲವತ್ತೊಂದನೇ ನಲ್ಲಿ

"ನೀರು ಬರ್ತಿದೆ ಅಂತ ಇದೆ ಮಿಸ್!" ಉದ್ದಣ್ಣ ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿ ಕೂಗಿದ. ಇಡೀ ಕ್ಲಾಸು ಗೊಳ್ಳೆಂದಿತು.

ನಗದೆ ಇನ್ನೇನು? ಶಾಲೆಯ ಗೇಟಿನ ಪಕ್ಕದ ಆ ನಲ್ಲಿ ಕೆಟ್ಟು ಮೂರು ತಿಂಗಳಾಗಿತ್ತು. ಅದರ ಬಾಯಲ್ಲಿ ಜೇಡವೊಂದು ಸಂಸಾರ ಹೂಡಿತ್ತು.

ನಗರಸಭೆಯವರು ಊರಿನ ನಲ್ಲಿಗಳ ಮ್ಯಾಪನ್ನು ಎಲ್ಲರೂ ನೋಡಲಿ ಎಂದು ವೆಬ್‌ಸೈಟಿಗೆ ಹಾಕಿದ್ದರು. ಸರಿಯಿದ್ದರೆ ಹಸಿರು ಚುಕ್ಕಿ, ಕೆಟ್ಟಿದ್ದರೆ ಕೆಂಪು. ಊರಿಗೆ ಊರೇ ಹಸಿರು!

"ಸೋಮವಾರದೊಳಗೆ ಒಬ್ಬೊಬ್ಬರು ಒಂದೊಂದು ನಲ್ಲಿ ನೋಡ್ಕೊಂಡು ಬನ್ನಿ," ಎಂದರು ಮಿಸ್. "ಗೇಟ್ ಹತ್ರದ ನಲವತ್ತೊಂದನೇದು ಯಾರಿಗೆ?"

"ಚಿನಕುರುಳಿಗೆ!"

ಚಿನಕುರುಳಿ ಬಾಯಿಗೆ ಬೀಗ ಹಾಕದ ಹುಡುಗಿ. ಇವತ್ತು ಮಾತ್ರ ಗಪ್‌ಚಿಪ್. ಪರದೆಯ ಮೇಲೆ 'ಪರಿಶೀಲಿಸಿದವರು: ಮೂರನೇ ವಾರ್ಡಿನ ಗುಮಾಸ್ತರು' ಎಂದಿತ್ತು. ಅದು ಅವಳ ಅಪ್ಪ. ದಿನಾಂಕ, ಹೋದ ಭಾನುವಾರ. ಅವತ್ತು ಅಪ್ಪ ಸೋಫಾ ಬಿಟ್ಟು ಎದ್ದಿದ್ದೇ ಊಟಕ್ಕೆ.

ಸಂಜೆ ಅವಳು ಕೇಳಿಯೇಬಿಟ್ಟಳು. "ಅಪ್ಪಾ, ನಲ್ಲಿ ನೋಡೋಕೆ ಯಾವಾಗ ಹೋಗಿದ್ದೆ?"

"ಹೋಗೋದ್ಯಾಕೆ? ಮೊದಲ್ನೇ ಸಾಲಲ್ಲಿ 'ಸರಿಯಿದೆ' ಅಂತ ಟೈಪ್ ಮಾಡಿ, ಮೌಸ್ ಹಿಡಿದು ಕೆಳಗೆ ಎಳೆದ್ರೆ ನಮ್ಮ ವಾರ್ಡಿನ ಅರವತ್ತೂ ನಲ್ಲಿ ಸರಿಯಾಗುತ್ತೆ. ಇಷ್ಟು ಬೇಗ ಯಾವ ಪ್ಲಂಬರ್ ರಿಪೇರಿ ಮಾಡ್ತಾನೆ ಹೇಳು!"

ಅವಳು ನಗಲಿಲ್ಲ. "ಸೋಮವಾರ ಕ್ಲಾಸಲ್ಲಿ ನಾನು ಹೇಳ್ಬೇಕು. ನಿಜ ಹೇಳಿದ್ರೆ ನಿನ್ನ ಬಗ್ಗೆ ನಗ್ತಾರೆ. ಸುಳ್ಳು ಹೇಳಿದ್ರೆ..."

ಅಪ್ಪನ ಟೀ ಲೋಟ ಬಾಯಿಯ ಹತ್ತಿರವೇ ನಿಂತಿತು.

"ನಿಜಾನೇ ಹೇಳು," ಎಂದರು ಕೊನೆಗೆ. "ನಾಳೆ ನನ್ ಜೊತೆ ಬರ್ತೀಯಾ?"

ಶನಿವಾರ, ಭಾನುವಾರ ಇಬ್ಬರೂ ಅರವತ್ತು ನಲ್ಲಿ ಸುತ್ತಿದರು. ಒಂದು ಬರೀ ಕೆಮ್ಮಿತು. ಇನ್ನೊಂದು ಅಪ್ಪನ ಅಂಗಿಗೇ ಚಿಮ್ಮಿತು. ಮತ್ತೊಂದು ಕಡೆ ನಲ್ಲಿಯೇ ಇರಲಿಲ್ಲ.

"ಪಾಪ, ಇಲ್ದೇ ಹೋದ್ರೂ ನಿನ್ನ ಲಿಸ್ಟಲ್ಲಿ ಸರಿಯಿತ್ತು," ಎಂದಳು ಚಿನಕುರುಳಿ.

"ಸುಮ್ನಿರೇ, ತರಲೆ!" ಎಂದ ಅಪ್ಪನಿಗೂ ನಗು ತಡೆಯಲಾಗಲಿಲ್ಲ.

ಭಾನುವಾರ ಸಂಜೆ ಅಪ್ಪ ಒಂದೊಂದೇ ಸಾಲು ತಿದ್ದಿದರು. "ನಾಳೆ ಮ್ಯಾನೇಜರ್ ನನ್ನ ಗ್ರಹಚಾರ ಬಿಡಿಸ್ತಾರೆ," ಎಂದು ಗೊಣಗಿದರು. ಆದರೂ ತಿದ್ದುವುದು ನಿಲ್ಲಿಸಲಿಲ್ಲ.

ಸೋಮವಾರ ಮಿಸ್ ಕೇಳಿದರು. "ನಲವತ್ತೊಂದು?"

"ಕೆಟ್ಟಿದೆ ಮಿಸ್. ಮ್ಯಾಪಲ್ಲೂ ಈಗ ಹಾಗೇ ಇದೆ."

ಮ್ಯಾಪು ತೆರೆಯಿತು. ಮೂರನೇ ವಾರ್ಡಿನಲ್ಲಿ ಹದಿನೇಳು ಕೆಂಪು ಚುಕ್ಕಿ!

"ಅಯ್ಯೋ, ನಿಮ್ಮ ವಾರ್ಡಿಗೆ ದಡಾರ ಬಂದಿದೆ ಕಣೇ!" ಉದ್ದಣ್ಣ ಕಿಸಕ್ಕೆಂದ. "ನಮ್ಮ ಐದನೇ ವಾರ್ಡ್ ನೋಡು, ಒಂದೂ ಕೆಂಪಿಲ್ಲ."

"ನಿನಗೆ ಕೊಟ್ಟಿದ್ದ ನಲ್ಲಿ ನೋಡ್ದ್ಯಾ?" ಎಂದಳು ಚಿನಕುರುಳಿ.

"ನೋಡೋದೇನು? ಹಸಿರಿದೆಯಲ್ಲ!"

ಬೇರೆ ದಿನವಾಗಿದ್ದರೆ ಅವಳು ಅವನ ಜನ್ಮ ಜಾಲಾಡುತ್ತಿದ್ದಳು. ಇವತ್ತು ಮತ್ತೆ ಪರದೆಯ ಕಡೆ ತಿರುಗಿದಳು. ಹದಿನೇಳು ಚುಕ್ಕಿಗಳೂ ಅವಳಿಗೆ ಗುರುತಿದ್ದವು. ಒಂದೊಂದರ ಮುಂದೆಯೂ ಅಪ್ಪ ಬಿಸಿಲಲ್ಲಿ ಬಗ್ಗಿ ನಿಂತಿದ್ದರು.

"ಶಾಲೆ ಬಿಟ್ಮೇಲೆ ನಿಮ್ಮನೆ ಕಡೆ ಬರ್ತೀನಿ," ಎಂದಳು ಉದ್ದಣ್ಣನಿಗೆ. "ನಿನ್ನ ನಲ್ಲೀನ ತಿರುಗಿಸಿ ನೋಡೋಣ."