ವಾಲ್ವಿನೊಳಗಿನ ಉಸಿರು

"ಆ ಗಾಜಿನ ವಾಲ್ವ್ ಮಾತ್ರ ಕೀಳ್ಬೇಡಪ್ಪಾ. ಅದು ಕಿತ್ತವರ ಉಸಿರನ್ನೇ ಬದಲಿಗೆ ಕೇಳುತ್ತೆ."

ಅಕ್ಕನ ಅತ್ತೆ ಕೋಣೆಯ ಹೊಸ್ತಿಲಲ್ಲೇ ನಿಂತು ಹೇಳಿದಳು. ಆಂಪ್ಲಿಫೈಯರ್ ರಿಪೇರಿಯಿಂದಲೇ ಹೊಟ್ಟೆ ಹೊರೆಯುತ್ತಿದ್ದ ತಮ್ಮನಿಗೆ ನಗು ತಡೆಯಲಾಗಲಿಲ್ಲ. "ಅತ್ತೆ, ವಾಲ್ವ್ ಒಳಗೆ ಉಸಿರಾಡೋಕೆ ಗಾಳಿನೇ ಇರಲ್ಲ. ನಿಮ್ಮ ಮಂತ್ರವಾದಿಗೆ ಅಷ್ಟೂ ಗೊತ್ತಿಲ್ವಾ?"

ಮುದುಕಿ ತಲೆ ತಗ್ಗಿಸಿದಳು. ಮಗ ಸಾಯುವಾಗ ಅವನ ಕೊನೆಯುಸಿರನ್ನು ಮಂತ್ರವಾದಿಯಿಂದ ಆ ಗಾಜಿನ ಬುರುಡೆಯಲ್ಲಿ ಕಟ್ಟಿಹಾಕಿಸಿದವಳು ಅವಳೇ. ಸೊಸೆ ಮನೆ ಬಿಟ್ಟು ಹೋಗಬಾರದೆಂಬ ಆಸೆ. ಸೊಸೆ ಹೋಗಲಿಲ್ಲ, ನಿಜ. ಆಂಪ್ಲಿಫೈಯರ್ ಮುಂದೆ ಕೂತವಳು ಏಳಲೂ ಇಲ್ಲ. ಸ್ಪೀಕರಿನ ಗುಂಯ್ ಸದ್ದಿನಲ್ಲಿ ಗಂಡನ ಕೆಮ್ಮು ಕೇಳುತ್ತದಂತೆ.

ತಮ್ಮ ಒಳಗೆ ಹೋದ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸುಟ್ಟ ಧೂಳಿನ, ಕರಗಿದ ಮೇಣದ ವಾಸನೆ. ಕೆಟ್ಟ ವಾಲ್ವಿನ ಒಳತಗಡು ಕೆಂಡವಾಗಿತ್ತು; ಮರದ ಪೆಟ್ಟಿಗೆಯ ಅಂಚು ಕರಿಗಟ್ಟಿತ್ತು. ಇವತ್ತಲ್ಲ ನಾಳೆ ಬೆಂಕಿ ಹೊತ್ತುತ್ತದೆ, ಅಕ್ಕ ಕೂತಲ್ಲೇ ಬೂದಿಯಾಗುತ್ತಾಳೆ. ಮೂಳೆಚಕ್ಕಳವಾಗಿದ್ದ ಅವಳ ತೋಳು ಹಿಡಿದೆಳೆದ.

"ಏಳಕ್ಕಾ, ನಮ್ಮನೆಗೆ ಹೋಗೋಣ."

"ಶ್... ಅವರು ಮಾತಾಡ್ತಿದಾರೆ."

ಅವನು ಪ್ಲಗ್ ಕಿತ್ತ. ಕೆಂಪು ಆರಲಿಲ್ಲ. ಕಂಡೆನ್ಸರಿನಲ್ಲಿ ಉಳಿದ ಕರೆಂಟಿರಬೇಕೆಂದು ಅದನ್ನೂ ಇಳಿಸಿದ. ಆಗಲೂ ಆರಲಿಲ್ಲ. ಆದರೂ ಹಟ ಬಿಡಬೇಕಲ್ಲ! ಬಟ್ಟೆ ಸುತ್ತಿ ವಾಲ್ವನ್ನು ಹಿಡಿದು ಎಳೆದ.

ಗುಂಯ್ ಸದ್ದು ನಿಂತಿತು. ಅಕ್ಕ ನಿದ್ದೆಯಿಂದೆದ್ದವಳಂತೆ ಕಣ್ಣುಜ್ಜಿಕೊಂಡಳು. "ತಮ್ಮಾ! ಯಾವಾಗ ಬಂದ್ಯೋ?"

ಉತ್ತರಿಸಲು ಬಾಯಿ ತೆರೆದ. ಉಸಿರು ಹೊರಗೆ ಹೋಯಿತು. ಒಳಗೆ ಬರಲಿಲ್ಲ. ಕೈಯಲ್ಲಿದ್ದ ಗಾಜು ಹೀರುತ್ತಿತ್ತು. ಬಿಸಾಡಬೇಕೆಂದುಕೊಂಡ. ಕೈ ಅವನ ಮಾತು ಕೇಳಲಿಲ್ಲ. ಆ ಕೈಯೇ ವಾಲ್ವನ್ನು ಮತ್ತೆ ಅದರ ಕುಳಿಗೆ ಒತ್ತಿತು.

ಸುತ್ತ ಗಾಜು. ಕೆಳಗೆ ಕೆಂಡ. ಗಾಜಿನಾಚೆ ನೆಲದ ಮೇಲೊಂದು ಹೆಣ, ಅವನದೇ ಅಂಗಿ ತೊಟ್ಟಿದ್ದು. ಅದನ್ನು ಅಲುಗಿಸಿ ಅಕ್ಕ ಚೀರುತ್ತಿದ್ದಳು. ಆಮೇಲೆ ಎದ್ದಳು. ಬಾಗಿಲ ಕಡೆಗೆ ಓಡಿದಳು.

ಹೋಗಲಿ. ಇವಳು ಈ ಮನೆ ದಾಟಿದರೆ ಸಾಕು. ತಾನು ಸುಮ್ಮನಿದ್ದರೆ ದಾಟುತ್ತಾಳೆ. ಹಲ್ಲು ಕಚ್ಚಬೇಕು. ಹಲ್ಲೇ ಇರಲಿಲ್ಲ. ಬೇಗೆ ಏರಿತು. ಅಕ್ಕನ ಒಂದು ಕಾಲು ಹೊಸ್ತಿಲಾಚೆ. ಇನ್ನೊಂದು ಕಾಲು ಎತ್ತಿದ್ದಳು. ಬೇಗೆ. ಕತ್ತಲೆ. ಒಬ್ಬನೇ. ಎಂದೆಂದಿಗೂ ಒಬ್ಬನೇ.

"ಅಕ್ಕಾ!"

ಸ್ಪೀಕರ್ ಗುಂಯ್ ಎಂದಿತು. ಅಕ್ಕ ನಿಂತಳು. ತಿರುಗಿದಳು. ಮೆಲ್ಲಗೆ ಬಂದು ಸ್ಟೂಲನ್ನು ಹತ್ತಿರಕ್ಕೆಳೆದು ಕೂತು, ಸ್ಪೀಕರಿಗೆ ಕಿವಿಯಿಟ್ಟಳು.

"ಹೇಳೋ ತಮ್ಮಾ," ಎಂದಳು. "ಎಲ್ಲೂ ಹೋಗಲ್ಲ, ಇಲ್ಲೇ ಇರ್ತೀನಿ."