ಶಾಹಿಸ್ತಾಳ ರಕ್ತ ಕದ್ದವರು

ತಪಾಸಣೆಯಲ್ಲಿ ರಕ್ತದ ಪ್ರಮಾಣ ಮತ್ತೆ ಇಳಿದಿತ್ತು.

ಹೆರಿಗೆಗೆಂದು ಬಸವನ ಬಾಗೇವಾಡಿಯ ತವರಿಗೆ ಬಂದಿದ್ದ ಶಾಹಿಸ್ತಾಳ ಟ್ರಂಕು ಪಡಸಾಲೆಯಲ್ಲಿ ಬಾಯಿ ತೆರೆದು ಬಿದ್ದಿತ್ತು. ತಾಳಿಕೋಟೆಯಿಂದ ಬಂದ ಅತ್ತೆ ಶಮಶಾದಬಿ ಸೀರೆಗಳನ್ನು ಜಾಡಿಸುತ್ತಿದ್ದಳು. ತಾಯಿ ಹಜರಾಬಿ ಮಗಳ ದಿಂಬಿನ ಹೊಲಿಗೆ ಬಿಚ್ಚುತ್ತಿದ್ದಳು.

“ಕಬ್ಬಿಣದ ಗುಳಿಗಿ ನುಂಗಿದ್ರ ರಕ್ತ ಯಾಕ ಏರವಲ್ದು? ಎಲ್ಲೋ ಮುಚ್ಚಿಡಾಕತ್ತಾಳ, ಇಲ್ಲಾ ಒಗಿಯಾಕತ್ತಾಳ! ಕೂಸು ಬ್ಯಾಡಾಗೇತಿ ಈಕಿಗೆ,” ಎಂದಳು ಅತ್ತೆ. “ಖರೆ ಹೇಳೂತನಾ ನನ್ನ ಮಗ ಮಂಜೂರ ಕರಕೊಂಡು ಹೋಗಾಕ ಬರೂದಿಲ್ಲ.”

ಹಜರಾಬಿ ಪಕ್ಕದ ಮನೆಯ ದಾನೇಶ್ವರಿಯನ್ನು ಕರೆದಳು. ಪೊಲೀಸ್ ಕೆಲಸದಿಂದ ನಿವೃತ್ತಳಾದವಳು.

“ನೀವರ ಕೇಳ್ರಿ ಅಕ್ಕಾರ. ನಿಮ್ಮ ಮುಂದ ಖರೆ ಹೇಳ್ಯಾಳು.”

ದಾನೇಶ್ವರಿ ಹರಡಿದ ಸೀರೆಗಳನ್ನು ನೋಡಿದಳು. “ಕಳ್ಳರ ಮನ್ಯಾಗೂ ನಾವು ಹಿಂಗ ಎಲ್ಲಾ ಕೆದರಿ ಝಡತಿ ಮಾಡ್ತಿದ್ದಿಲ್ಲ ಬಿಡ್ರಿ.” ಆಮೇಲೆ ಶಾಹಿಸ್ತಾಳ ಎದುರು ಕೂತಳು.

“ಗುಳಿಗಿ ನುಂಗತೀಯಾ?”

“ನುಂಗತೇನ್ರಿ.”

“ಕಕ್ಕತೀಯಾ?”

“ಇಲ್ರಿ.”

“ಗುಳಿಗಿ ಮ್ಯಾಲ ಚಾ ಕುಡೀತೀಯಾ?”

“ಡಾಕ್ಟರ್ ಬ್ಯಾಡಂದಾರ. ಬಿಟ್ಟೇನ್ರಿ.”

“ಸಂಡಾಸ ಯಾವ ಬಣ್ಣ?”

“ಥೂ! ಇದೇನ ಕೇಳೂದು?” ಎಂದಳು ಶಮಶಾದಬಿ.

ಶಾಹಿಸ್ತಾ ತಲೆ ತಗ್ಗಿಸಿದಳು. “ಕರ್ರಗ್ರಿ. ಮೊದಲ ಬಾಳ ಗಟ್ಟಿ ಇತ್ತು. ಅಮ್ಮಿ ಅಂಬಲಿ ಕೊಡಾಕತ್ತಿದಾಗಿಂದ ಸಲೀಸ ಆಗೇತಿ.”

ದಾನೇಶ್ವರಿ ಹಜರಾಬಿಯತ್ತ ತಿರುಗಿದಳು. “ಏನ ಹಾಕ್ತೀರಿ ಅಂಬಲಿಗೆ?”

“ಗುಳಿಗಿ ಹೊಟ್ಟಿ ಕಟ್ಟತೈತ್ರಿ. ಅದಕ್ಕ ಗೋಧಿ ತೌಡು, ಇಸಬಗೋಲ ಕಲಸ್ತೇನಿ. ಗುಳಿಗೀನೂ ಅದರ ಜೋಡೀನ ನುಂಗಸ್ತೇನಿ — ನನ್ನ ಕೈಯಾರ!”

ದಾನೇಶ್ವರಿ ಅಂಗಳಕ್ಕೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದಳು. ತಿರುಗಿ ಬಂದಾಗ ಅವಳ ಮುಖ ಬಿಗಿದಿತ್ತು.

“ಕಬ್ಬಿಣ ಹೊಟ್ಟಿಗೆ ಹೋದ್ರ ಸಂಡಾಸ ಕರ್ರಗಾಗತೈತಿ. ಗುಳಿಗಿ ಒಗದ್ರ ಆಗ್ತಿದ್ದಿಲ್ಲ. ಹುಡುಗಿ ಸುಳ್ಳಾಡಿಲ್ಲ.”

“ಹಂಗಾರ ಕಬ್ಬಿಣ ಎಲ್ಲಿ ಹೋತು?” ಎಂದಳು ಶಮಶಾದಬಿ.

“ತೌಡು, ಇಸಬಗೋಲ ಹೊಟ್ಟಿಗೆ ಚಲೋನ. ಆದ್ರ ಗುಳಿಗಿ ಜೋಡಿ ಹ್ವಾದ್ರ ಕಬ್ಬಿಣಾನ ಹಿಡಕೋತಾವ. ರಕ್ತಕ್ಕ ಸೇರಗೊಡದ ಹೊರಗ ಒಯ್ತಾವ. ಗುಳಿಗಿ ಒಂದ್ಹೊತ್ತು, ತೌಡು ಇನ್ನೊಂದ್ಹೊತ್ತು ಇರಬೇಕಂತ. ನುಂಗಿದಳೋ ಇಲ್ಲೋ ಅಂತ ಎಲ್ಲಾರೂ ಕೇಳಿದ್ರಿ. ಯಾತರ ಜೋಡಿ ಅಂತ ಯಾರೂ ಕೇಳಲಿಲ್ಲ.” ಅವಳ ದನಿ ತಗ್ಗಿತು. “ಹಜರಾಬಿ, ರಕ್ತ ಕದ್ದದ್ದು ನಿಮ್ಮ ಅಂಬಲಿ.”

ಶಮಶಾದಬಿ ಬುರ್ಖಾ ಎತ್ತಿಕೊಂಡಳು. “ಅಂದ್ರ ತಪ್ಪು ತವರಮನೀದು. ಮಂಜೂರಗ ಹೇಳತೇನಿ, ಬರ್ತಾನ.” ಸೊಸೆಯ ಮುಖ ನೋಡದೆ ಹೊಸ್ತಿಲು ದಾಟಿದಳು.

ಹಜರಾಬಿ ಮಗಳ ಪಕ್ಕ ಬಂದು ಕೂತಳು. “ಮಾಫ್ ಮಾಡ ಬೇಟಾ. ನಿನ್ನ ಚಲೋದಕ್ಕಂತ ಕೊಟ್ಟೆ...”

ಶಾಹಿಸ್ತಾ ಸೀರೆಗಳನ್ನು ಮಡಚಿ ಟ್ರಂಕಿಗೆ ಹಾಕುತ್ತಿದ್ದಳು.

“ಅಂಬಲಿಗೆ ಸಿಟ್ಟಿಲ್ಲ ಅಮ್ಮಿ. ಅತ್ತಿ ಟ್ರಂಕು ತಗದ್ರು, ಅದಕ್ಕೂ ಇಲ್ಲ. ದಿಂಬು ನೀ ಯಾಕ ಬಿಚ್ಚಿದಿ?”

ಹಜರಾಬಿ ಸೆರಗು ಕೊಡವಿದಳು. ಅವಳ ಮಡಿಲ ತುಂಬ ಮಗಳ ದಿಂಬಿನ ಹತ್ತಿ ಅಂಟಿಕೊಂಡಿತ್ತು.